ವಿಷ ಮುಟ್ಟೋ ತನಕ ಬಿಡಾಂಗಿಲ್ಲ

"ಬಿಟ್ಟೇ ಬಿಟ್ಟೆ!"

ಭಾಗ್ಯಶ್ರೀ ಹಾಗೆಂದದ್ದೇ ತಡ, ಇಡೀ ಜೀವಕೋಶ ಚೆಲ್ಲಾಪಿಲ್ಲಿಯಾಯಿತು.

ಬಸವೇಶ ಕುರಿಮರಿಯಂತೆ ನೆಗೆದು ಓಡಿದ. ಕುರ್ಚಿಯ ಮೇಲೆ ಗಂಭೀರವಾಗಿ ಕುಳಿತಿದ್ದ ತನುಜಾಳಿಗೆ ಡಿಕ್ಕಿ ಹೊಡೆದ. ತನುಜಾ ಕೈಯಲ್ಲಿದ್ದ ದಪ್ಪ ಪುಸ್ತಕದ ಸಮೇತ ಹಿಂದಕ್ಕೆ ವಾಲಿದಳು. ಸುತ್ತಲೂ ಹಸಿರು ಸೀರೆ ಹಿಡಿದು ನಿಂತಿದ್ದ ಎಂಟು ಮಕ್ಕಳಲ್ಲಿ ನಾಲ್ವರು ಆ ಕಡೆ ಓಡಿದರು, ನಾಲ್ವರು ಈ ಕಡೆ ಓಡಿದರು. ಸೀರೆ ಎರಡೂ ಕಡೆ ಹೋಗಲಾರದೆ "ಪರ್ರ್" ಎಂದಿತು.

ಬೇವಿನ ಮರದ ಬುಡದಲ್ಲಿ ಕರಿ ಕಂಬಳಿ ಹೊದ್ದು ಶೇಂಗಾ ತಿನ್ನುತ್ತಿದ್ದ ಸುನೀಲ ಎದ್ದು ನಿಂತ. ನಾಟಕದಲ್ಲಿ ವಿಷ ಅವನೇ.

"ಟೀಚರ್, ನಾ ಇನ್ನೂ ಬಂದ ಇಲ್ರಿ! ನಾ ಬರೂಕಿಂತ ಮೊದಲ ಎಲ್ಲಾರೂ ಯಾಕ ಓಡಾಕತ್ತಾರ್ರಿ?"

ಸವಿತಾ ಟೀಚರ್ ಹಣೆ ಹಿಡಿದುಕೊಂಡು ಹತ್ತಿಮತ್ತೂರು ಶಾಲೆಯ ಕಟ್ಟೆಯ ಮೇಲೆ ಕುಳಿತರು. ಇವತ್ತು ಇದು ಮೂರನೇ ಸಲ.

ನಾಟಕವನ್ನು ಟೀಚರ್ ತಾವೇ ಬರೆದಿದ್ದರು. ಶನಿವಾರ ಸವಣೂರಿನಲ್ಲಿ ಸ್ಪರ್ಧೆ. ಹಸಿರು ಸೀರೆಯೇ ಜೀವಕೋಶದ ಪೊರೆ. ನಡುವೆ ಕುಳಿತ ತನುಜಾ ಕೋಶಕೇಂದ್ರ. ಕೋಶಕ್ಕೆ ಏನೇನು ಬೇಕೋ ಅದನ್ನೆಲ್ಲ ತಯಾರಿಸುವ ವಿಧಾನ ಅವಳ ಪುಸ್ತಕದಲ್ಲಿದೆ, ಅಡುಗೆ ಪುಸ್ತಕದ ಹಾಗೆ. ಬಸವೇಶ ಅವಳಿಗೆ ಸುದ್ದಿ ಮುಟ್ಟಿಸುವವನು. ಆದರೆ ಅವನು ಸುಮ್ಮಸುಮ್ಮನೆ ಓಡಾಡುವಂತಿಲ್ಲ. ಅದಕ್ಕೇ ಒಬ್ಬಳು ಅವನ ಮುಂಗೈ ಹಿಡಿದುಕೊಂಡಿರಬೇಕು. ಹೊಗೆಯ ವಿಷ ಒಳಗೆ ನುಗ್ಗಿ ಹಿಡಿದವಳನ್ನು ಮುಟ್ಟಿತೋ, ಅವಳ ಹಿಡಿತ ಸಡಿಲಾಗುತ್ತದೆ. ಬಸವೇಶ ತನುಜಾಳ ಹತ್ತಿರ ಓಡುತ್ತಾನೆ. ಅವಳು ಪುಸ್ತಕ ತೆರೆಯುತ್ತಾಳೆ. ವಿಷವನ್ನು ತೊಳೆದು ಹಾಕುವವರು ಕಸಬರಿಗೆ ಹಿಡಿದು ಕುಣಿಯುತ್ತಾ ಬರುತ್ತಾರೆ.

"ಇವರಿಗೆ ವಿಜ್ಞಾನಿಗಳು ಇಟ್ಟ ಹೆಸರು ಮೊಬೈಲ್ ಪಾಸ್‌ವರ್ಡ್ ಇದ್ದಂಗ ಅದಾವ," ಎಂದು ಟೀಚರ್ ಮೊದಲ ದಿನವೇ ಹೇಳಿದ್ದರು. "ನಮಗ ಅವು ಬ್ಯಾಡ. ಬಸವೇಶ 'ಓಡಾವ'. ಭಾಗ್ಯಶ್ರೀ 'ಹಿಡಿಯಾಕಿ'."

ಭಾಗ್ಯಶ್ರೀಗೆ ಸಿಟ್ಟು ಬಂದದ್ದು ಅಲ್ಲೇ. ಕಸಬರಿಗೆ ಹಿಡಿದವರಿಗೂ ಹಾಡು ಇತ್ತು. ವಿಷಕ್ಕೆ "ಹಹ್ಹಹ್ಹಾ" ಎಂದು ನಗುವ ಅವಕಾಶವಿತ್ತು. ಹಿಡಿಯುವವಳಿಗೆ ಒಂದೇ ಒಂದು ಡೈಲಾಗ್ ಇಲ್ಲ!

ಅದೂ ಯಾರಿಗೆ? ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಹಾಗೆ "ಒಳಗ ಸರೀರಿ, ಒಳಗ ಸರೀರಿ, ಒಳಗ ಇಡೀ ಮೈದಾನ ಖಾಲಿ ಐತಿ" ಎನ್ನಬಲ್ಲ ಭಾಗ್ಯಶ್ರೀಗೆ! ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದವರು ಹೇಗೆ ಮಾತಾಡುತ್ತಾರೆ ಎಂಬುದನ್ನೂ ಮಾಡಿ ತೋರಿಸಬಲ್ಲ ಭಾಗ್ಯಶ್ರೀಗೆ! ಒಮ್ಮೆ ಕಿಟಕಿಯ ಹೊರಗೆ ನಿಂತು ಹೆಡ್‌ಮಾಸ್ತರ್ ಮಹಾಲಿಂಗಪ್ಪ ಸರ್ ಧ್ವನಿಯಲ್ಲಿ "ಐದನೇತ್ತೆ, ಅರ್ಧ ದಿನ ಸೂಟಿ" ಎಂದುಬಿಟ್ಟಿದ್ದಳು. ಇಡೀ ಐದನೇ ಕ್ಲಾಸು ಮನೆಗೆ ಹೋಗಿತ್ತು. ಆಮೇಲೆ ಅವಳು ದುಂಡಗಿನ ಅಕ್ಷರದಲ್ಲಿ ಕ್ಷಮಾಪಣೆ ಪತ್ರ ಬರೆದುಕೊಟ್ಟಿದ್ದಳು. ಸರ್ ಧ್ವನಿಯನ್ನು ಇನ್ನು ಮುಂದೆ ಸರ್ ಒಬ್ಬರೇ ಬಳಸತಕ್ಕದ್ದು ಎಂದು ತೀರ್ಮಾನವಾಗಿತ್ತು.

"ಭಾಗ್ಯಶ್ರೀ," ಎಂದರು ಟೀಚರ್. ಅವರು ಸಿಟ್ಟಾಗಿರಲಿಲ್ಲ, ದಣಿದಿದ್ದರು. "ವಿಷ ಇಲ್ಲದಾಗ ನೀ ಬಿಟ್ರ ಏನಾಕೈತಿ ಗೊತ್ತೈತೇನು? ಕೋಶ ಇರೋ ಶಕ್ತಿನೆಲ್ಲಾ ಸುಮ್ಮಸುಮ್ಮನ ಖರ್ಚು ಮಾಡ್ತೈತಿ. ವಿಷ ಬಂದಾಗ ನೀ ಬಿಡದಿದ್ರ ಕೋಶ ಸಾಯ್ತೈತಿ. ನಾಳೆ ಕಡೇ ಪ್ರ್ಯಾಕ್ಟೀಸು. ನಾಳೆನೂ ಹಿಂಗ ಮಾಡಿದಿ ಅಂದ್ರ ಸವಣೂರಿಗೆ ನಿನ್ನ ಬದಲಿ ರಮೀಜನ್ನ ಕರಕೊಂಡು ಹೋಗ್ತೇನಿ."

ಸೀರೆಯ ಅಂಚು ಹಿಡಿದಿದ್ದ ರಮೀಜ ಆಗಲೇ ಒಂದು ಕೈಯಿಂದ ಇನ್ನೊಂದು ಕೈಯ ಮುಂಗೈ ಹಿಡಿದು ಪ್ರ್ಯಾಕ್ಟೀಸ್ ಶುರು ಮಾಡಿದಳು.

ಭಾಗ್ಯಶ್ರೀ ಅವಳನ್ನೇ ದುರುಗುಟ್ಟಿ ನೋಡಿದಳು. ಡೈಲಾಗ್ ಇಲ್ಲದಿದ್ದರೂ ಸರಿ, ಸವಣೂರಿಗೆ ಹೋಗದೆ ಇರಲು ಆಗುತ್ತದೆಯೇ?

ಮರುದಿನ ಬೆಳಿಗ್ಗೆ ಅವಳು ಎದ್ದವಳೇ ಹಿತ್ತಲಿಗೆ ಹೋಗಿ ಕರುವಿನ ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಳು. ಹಲ್ಲು ಕಚ್ಚಿಕೊಂಡು ನಿಂತಳು. ಕರು ಎಳೆಯಿತು. ಬಿಡಲಿಲ್ಲ. ಕರು ಅವಳ ಲಂಗ ನೆಕ್ಕಿತು. ಬಿಡಲಿಲ್ಲ.

"ಏನ ಮಾಡಾಕತ್ತೀಯವಾ?" ಎಂದಳು ಹಂಡೆಯ ಒಲೆಯ ಮುಂದೆ ಕುಳಿತಿದ್ದ ಅಜ್ಜಿ ಸಾವಂತ್ರವ್ವ.

"ಹಿಡಕೊಂಡ ನಿಂತೇನಿ, ಅಜ್ಜಿ."

"ಅದು ಕಾಣಸ್ತೈತಿ. ಯಾಕ?"

"ಪ್ರ್ಯಾಕ್ಟೀಸ್."

ಈ ಕಾಲದ ಶಾಲೆಗಳಲ್ಲಿ ಏನೇನೋ ಕಲಿಸುತ್ತಾರೆ ಎಂದುಕೊಂಡು ಅಜ್ಜಿ ಒಲೆಯ ಕಡೆ ತಿರುಗಿದಳು. ಸ್ನಾನದ ನೀರು ಕಾಸುವ ಒಲೆಗೆ ಒಂದೇ ಕಡ್ಡಿಯಲ್ಲಿ ಬೆಂಕಿ ಹಿಡಿಸುವುದರಲ್ಲಿ ಅಜ್ಜಿಯನ್ನು ಮೀರಿಸುವವರು ಓಣಿಯಲ್ಲಿ ಇರಲಿಲ್ಲ. ಅವಳ ಗುಟ್ಟು ಒಂದೇ: ಹಳೆಯ ಸೈಕಲ್ ಟ್ಯೂಬಿನ ಒಂದು ಗೇಣು ತುಂಡು, ಅದರ ಮೇಲೆ ಅಂಗಡಿಯ ಎರಡು ಪ್ಲಾಸ್ಟಿಕ್ ಚೀಲ. ಕಡ್ಡಿ ಗೀರಿದಳು. ಭಗ್ ಎಂದು ಹತ್ತಿಕೊಂಡಿತು.

ಕಪ್ಪು ಹೊಗೆ ಸುರುಳಿ ಸುತ್ತಿಕೊಂಡು ಎದ್ದಿತು. ಗಾಳಿ ಅದನ್ನು ನೇರವಾಗಿ ಭಾಗ್ಯಶ್ರೀಯ ಮುಖಕ್ಕೆ ತಂದು ಒಪ್ಪಿಸಿತು.

ಅವಳು ಕೆಮ್ಮಿದಳು. ಕಣ್ಣು ಉರಿದವು. ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಎರಡೂ ಕೈ ಮುಖದ ಮೇಲಿದ್ದವು. ಹಗ್ಗ ಇರಲಿಲ್ಲ. ಕರುವೂ ಇರಲಿಲ್ಲ.

ಅಡುಗೆಮನೆಯಿಂದ ಅವ್ವನ ಕೂಗು ಕೇಳಿಸಿತು. "ಯಪ್ಪಾ! ಇದನ್ಯಾರು ಒಳಗ ಬಿಟ್ಟೋರು!"

ಕರು ಹೊರಗೆ ಬಂದಾಗ ಅದರ ಮುಖವೆಲ್ಲ ಜೋಳದ ಹಿಟ್ಟಿನಿಂದ ಬೆಳ್ಳಗಾಗಿತ್ತು. ಪೌಡರ್ ಹಚ್ಚಿಕೊಂಡು ಮದುವೆಗೆ ಹೊರಟ ಹಾಗಿತ್ತು. ಅಜ್ಜಿ ನಗುತ್ತಾ ಕೆಮ್ಮಿದಳು, ಕೆಮ್ಮುತ್ತಾ ನಕ್ಕಳು. ಆಮೇಲೆ ನಗು ನಿಂತರೂ ಕೆಮ್ಮು ನಿಲ್ಲಲಿಲ್ಲ.

ಭಾಗ್ಯಶ್ರೀ ತನ್ನ ಕೈ ನೋಡಿಕೊಂಡಳು. "ನಾ ಬಿಡಲಿಲ್ಲ ಅಜ್ಜಿ. ಅದ ಬಿಟ್ಟಬಿಡ್ತು."

"ಯಾವುದು?"

ಭಾಗ್ಯಶ್ರೀ ನೀರು ತಂದುಕೊಟ್ಟು ಒಲೆಯ ಪಕ್ಕ ಕುಕ್ಕುರುಗಾಲಲ್ಲಿ ಕುಳಿತು ಇಡೀ ನಾಟಕ ಹೇಳಿದಳು. ಓಡುವವನು, ಹಿಡಿಯುವವಳು, ಪುಸ್ತಕ, ಕಸಬರಿಗೆ. ವಿಷದ ನಗುವನ್ನಂತೂ ಸುನೀಲನಿಗಿಂತ ಚೆನ್ನಾಗಿ ನಕ್ಕು ತೋರಿಸಿದಳು.

ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಅಂದ್ರ ನನ್ನ ಮೈಯಾಗೂ ಅಂಥಾಕಿ ಒಬ್ಬಾಕಿ ಅದಾಳಂತೀಯೇನು?"

"ಒಬ್ಬಾಕಿ ಅಲ್ಲಜ್ಜಿ, ಭಾಳ ಮಂದಿ. ನೀ ಟ್ಯೂಬ್ ಸುಟ್ಟಾಗೊಮ್ಮೆ ಎಲ್ಲಾರೂ ಕೈ ಬಿಡಬೇಕು, ಓಡಬೇಕು, ತೊಳೀಬೇಕು. ದಿನಾ ಮುಂಜಾನೆ."

"ಪಾಪ," ಎಂದಳು ಅಜ್ಜಿ. "ನಂಗಾದ್ರ ನಿಮ್ಮವ್ವ ಚಾ ಕೊಡ್ತಾಳ. ಅವಕ್ಕ ಯಾರು ಕೊಡ್ತಾರ?"

ಇನ್ನೊಂದು ಟ್ಯೂಬಿನ ತುಂಡು ಅಜ್ಜಿಯ ಕೈಯಲ್ಲಿಯೇ ಇತ್ತು. ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಅದನ್ನು ಅತ್ತ ಒಗೆದು ಒಣಗಿದ ಗೋವಿನಜೋಳದ ದಿಂಡು ಎರಡು ತೆಗೆದುಕೊಂಡಳು. "ಇನ್ನ ಮ್ಯಾಲ ಅವರೆಲ್ಲಾರಿಗೂ ಸೂಟಿ. ಎರಡು ಬೆಂಕಿಕಡ್ಡಿ ಹೆಚ್ಚು ಹೋದ್ರ ಹೋಗಲಿ."

ಅವತ್ತು ಮಧ್ಯಾಹ್ನ ಬೇವಿನ ಮರದ ಕೆಳಗೆ ಕಡೆಯ ಪ್ರ್ಯಾಕ್ಟೀಸು. ಹೊಲಿದ ಹಸಿರು ಸೀರೆ ಮತ್ತೆ ಸುತ್ತಲೂ ನಿಂತಿತು. ಭಾಗ್ಯಶ್ರೀ ಬಸವೇಶನ ಮುಂಗೈ ಹಿಡಿದು ತನುಜಾಳ ಕಡೆ ಮುಖ ಮಾಡಿ ನಿಂತಳು.

ವಿಷ ಮಾತ್ರ ಬರಲಿಲ್ಲ. ಮಕ್ಕಳೆಲ್ಲ ಸೇರಿ ಒಂದು ಹುನ್ನಾರ ಮಾಡಿದ್ದರು. ಊರನ್ನೆಲ್ಲ ಮಂಗ ಮಾಡುವ ಭಾಗ್ಯಶ್ರೀಯನ್ನೇ ಇವತ್ತು ಮಂಗ ಮಾಡಬೇಕು, ಅವಳು ಕೈ ಬಿಡುವಂತೆ ಮಾಡಬೇಕು. ಅದಕ್ಕೇ ಸುನೀಲ ಮರದ ಹಿಂದೆ ಅಡಗಿ ಕುಳಿತಿದ್ದ.

"ಸವಣೂರ, ಸವಣೂರ! ಸವಣೂರ ಇಳಿಯೋರು ಕೈ ಬಿಟ್ಟು ಇಳೀರಿ!" ಎಂದ ಒಬ್ಬ, ಕಂಡಕ್ಟರನ ಧ್ವನಿಯಲ್ಲಿ.

ಭಾಗ್ಯಶ್ರೀ ಬಿಡಲಿಲ್ಲ.

"ಹಾವು! ಹಾವು!" ಎಂದಳು ರಮೀಜ.

ಸೀರೆ ಹಿಡಿದವರೇ ಇಬ್ಬರು ಹೌಹಾರಿದರು. ಭಾಗ್ಯಶ್ರೀ ಬಿಡಲಿಲ್ಲ.

"ಖರೇನ ಬಿಡ ಮಾರಾಯ್ತಿ," ಎಂದು ಬಸವೇಶ ಕುಣಿಯತೊಡಗಿದ. "ನಂಗ ಒಂದಕ್ಕ ಅವಸರ ಆಗೈತಿ."

"ವಿಷ ಮುಟ್ಟೋ ತನಕ ಬಿಡಾಂಗಿಲ್ಲ."

"ವಿಷಕ್ಕೇನು ಗೊತ್ತು ನನ್ನ ಕಷ್ಟ!"

ಆಗ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಆಮೇಲೆ ಮೂಗಿನಿಂದ ಬಂದ ಧ್ವನಿ. "ಹ್ಞೂಂ... ಭಾಗ್ಯಶ್ರೀ, ಸಾಕಿನ್ನ. ಬಿಡವಾ ಅವನ್ನ."

ಹೆಡ್‌ಮಾಸ್ತರ್ ಧ್ವನಿ! ಇವರ ಧೈರ್ಯ ನೋಡು, ನನ್ನ ಪಾಠ ನನಗೇ ಹೇಳುತ್ತಿದ್ದಾರೆ ಎಂದುಕೊಂಡಳು ಭಾಗ್ಯಶ್ರೀ. ತಿರುಗದೆಯೇ, ಹೆಡ್‌ಮಾಸ್ತರರ ಧ್ವನಿಯಲ್ಲೇ ಉತ್ತರ ಕೊಟ್ಟಳು.

"ಹ್ಞೂಂ... ತಮ್ಮಾ, ಇದು ನಮ್ಮ ಸರ್ ಕೆಮ್ಮು ಅಲ್ಲ. ಎಮ್ಮಿಗೆ ನೆಗಡಿ ಬಂದಂಗ ಕೇಳಿಸ್ತೈತಿ. ಮೂಗು ಇನ್ನೂ ಚೂರು ಕಟ್ಟಲಿ, ಹೊಟ್ಟಿ ಇನ್ನೂ ಚೂರು ಮುಂದ ಬರಲಿ. ಮತ್ತೊಮ್ಮೆ ಮಾಡು ನೋಡೂಣು."

ಯಾರೂ ನಗಲಿಲ್ಲ. ಸವಿತಾ ಟೀಚರ್ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ತನುಜಾ ಪುಸ್ತಕದ ಹಿಂದೆ ಮುಖ ಮರೆಮಾಡಿಕೊಂಡಿದ್ದಳು.

"ಏ, ತಿರುಗಿ ನೋಡ," ಎಂದು ಬಸವೇಶ ಪಿಸುಗುಟ್ಟಿದ.

ತಿರುಗುವುದು ಬೇಕಾಗಲಿಲ್ಲ. ಕನ್ನಡಕ, ನಶ್ಯದ ಡಬ್ಬಿ, ಚೂರು ಮುಂದೆ ಬಂದ ಹೊಟ್ಟೆ ಒಂದೊಂದಾಗಿ ಎದುರಿಗೇ ಬಂದು ನಿಂತವು. ಸಾಕ್ಷಾತ್ ಮಹಾಲಿಂಗಪ್ಪ ಸರ್.

ಮುಗಿಯಿತು ಎಂದುಕೊಂಡಳು ಭಾಗ್ಯಶ್ರೀ. ಸವಣೂರು ಹೋಯಿತು. ಬಸ್ಸು ಹೋಯಿತು. ಇನ್ನು ಕ್ಷಮಾಪಣೆ ಪತ್ರಕ್ಕೆ ನೂರು ಪುಟದ ನೋಟ್‌ಬುಕ್ಕೇ ಬೇಕು. ಆದರೂ ಅವಳ ಬೆರಳು ಬಸವೇಶನ ಮುಂಗೈ ಮೇಲಿನಿಂದ ಒಂದು ಎಳೆಯಷ್ಟೂ ಸಡಿಲವಾಗಲಿಲ್ಲ.

ಸರ್ ಆ ಬೆರಳುಗಳನ್ನೇ ನೋಡಿದರು. "ನಾನಽ ಬಂದು ಎದುರಿಗೆ ನಿಂತ ಮ್ಯಾಲೂ ಬಿಡವಲ್ಲೆಲ್ಲ?"

ಈಗ ಹೊರಬಂದದ್ದು ಭಾಗ್ಯಶ್ರೀಯದೇ ಸಣ್ಣ ಧ್ವನಿ.

"ಸರ್... ನೀವು ವಿಷ ಅಲ್ಲಲ್ರಿ."

ಸರ್ ಮುಖ ಮೊದಲು ಗಂಭೀರವಾಯಿತು. ಆಮೇಲೆ ಮೀಸೆಯ ಒಂದು ತುದಿ ಅಲುಗಿತು. ಆಮೇಲೆ ಹೊಟ್ಟೆ ಅಲುಗಿತು. ಕೊನೆಗೆ ಸರ್ ನಕ್ಕರು. ಎಂಥ ನಗು! ಬೇವಿನ ಮರದ ಕಾಗೆಗಳು ಹಾರಿಹೋದವು. ಟೀಚರ್ ನಕ್ಕರು, ತನುಜಾ ನಕ್ಕಳು, ಸೀರೆ ಅಲೆಅಲೆಯಾಗಿ ನಕ್ಕಿತು. ಸರ್ ನಗುವಿನ ಮುಂದೆ ಅದು ಯಾವುದೂ ಕೇಳಿಸಲಿಲ್ಲ.

"ಎಮ್ಮಿಗೆ ನೆಗಡಿ!" ಎಂದು ಸರ್ ಹೊಟ್ಟೆ ಹಿಡಿದುಕೊಂಡರು. "ಸವಿತಾ ಮೇಡಂ, ನಮ್ಮ ಮನ್ಯಾಗೂ ಇದನ್ನ ಅಂತಾರ್ರಿ!"

ಮರದ ಹಿಂದಿದ್ದ ಸುನೀಲ ನಗು ತಡೆಯಲಾರದೆ ಕಂಬಳಿಯೊಳಗೆ ಮುಗ್ಗರಿಸಿ, ಉರುಳಿಕೊಂಡು ಬಂದು, ಧೊಪ್ ಎಂದು ಭಾಗ್ಯಶ್ರೀಯ ತೋಳಿಗೆ ತಗುಲಿದ.

ಕೈ ಬಿಚ್ಚಿತು.

ಬಸವೇಶ ಓಡಿದ. ತನುಜಾ ಪುಸ್ತಕ ತೆರೆದಳು. ಆದರೆ ಅವನು ಅವಳನ್ನು ದಾಟಿ, ಸರ್ ಅವರನ್ನು ದಾಟಿ, ನೇರವಾಗಿ ಶಾಲೆಯ ಹಿಂದಿನ ಪಾಯಖಾನೆಗೆ ಓಡಿದ. ಸರ್‌ಗೆ ಇನ್ನಷ್ಟು ನಗು ಬಂದು ಕಟ್ಟೆಯ ಮೇಲೆ ಕುಳಿತೇ ಬಿಟ್ಟರು.

"ಶನಿವಾರ ಅದೊಂದು ಆಗಬಾರದು ನೋಡ್ರಪಾ," ಎಂದು ಟೀಚರ್ ಕಣ್ಣು ಒರೆಸಿಕೊಂಡರು. ಆಮೇಲೆ ಭಾಗ್ಯಶ್ರೀಯ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ನಿನಗೂ ಒಂದು ಸಾಲು ಡೈಲಾಗ್ ಬರದು ಕೊಡ್ಲೇನು? ಬಿಡೋ ಮುಂದ ಏನರ ಅನ್ನಾಕ?"

ಭಾಗ್ಯಶ್ರೀ ತನ್ನ ಅಂಗೈ ನೋಡಿಕೊಂಡಳು. ಅದು ಬೆವರಿತ್ತು. ಬಿಡು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಬ್ಯಾಡ್ರಿ ಟೀಚರ್," ಎಂದಳು. "ಹಿಡಿಯಾಕಿ ಮಾತಾಡಾಂಗಿಲ್ಲ."

ಬಸವೇಶ ಚಡ್ಡಿ ಏರಿಸಿಕೊಳ್ಳುತ್ತಾ ಓಡಿ ಬಂದು ಮುಂಗೈ ಚಾಚಿದ. ಅವಳು ಹಿಡಿದುಕೊಂಡಳು. ಎಲ್ಲರೂ ಸೀರೆ ಎತ್ತಿದರು, ಸುಮ್ಮನಾದರು. ಕಟ್ಟೆಯ ಮೇಲಿನಿಂದ ಸರ್ ನಗು ಮಾತ್ರ ನಿಂತಿರಲಿಲ್ಲ.