ಏಳನೇ ನಂಬರಿನ ಸಿಲಿಂಡರ್

ಸಿಲಿಂಡರ್ ಖಾಲಿ. ಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

"ನೋಡಿ," ಎಂದ ಇನ್‌ಸ್ಪೆಕ್ಟರ್, ಮೀಟರಿನ ಗಾಜನ್ನು ಪೆನ್ನಿನಿಂದ ಕುಟ್ಟುತ್ತ. "ಗಾಳಿನೇ ಇಲ್ಲದ್ದನ್ನ ಬೆನ್ನಿಗೆ ಕಟ್ಟಿ ಮನುಷ್ಯನ್ನ ಸಮುದ್ರಕ್ಕಿಳಿಸಿದ್ದಾನೆ ಈ ಗೈಡು. ಇನ್ನೇನು ಬೇಕು?"

ಶೆಡ್ಡಿನ ಮೂಲೆಯಲ್ಲಿ ಗೈಡ್ ಒದ್ದೆ ಬಟ್ಟೆಯಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಪೇದೆ.

"ಮೀಟರಲ್ಲಿ ಇನ್ನೂರು ಇತ್ತು ಸಾರ್. ಇಳಿಯೋ ಮುಂಚೆ ನಾನೇ ನೋಡಿದೀನಿ. ನಾವು ನೀರಲ್ಲಿದ್ದಿದ್ದು ಹನ್ನೆರಡೇ ನಿಮಿಷ. ಅಷ್ಟರಲ್ಲಿ ಯಾರಪ್ಪನ ಕೈಲೂ ಇನ್ನೂರು ಖಾಲಿ ಮಾಡಕ್ಕಾಗಲ್ಲ."

"ಹಾಗಾದ್ರೆ ಗಾಳಿ ಎಲ್ಲಿ ಹೋಯ್ತು? ತವರುಮನೆಗಾ?"

ತೂಕದಕ್ಕ ಬಾಗಿಲಲ್ಲಿ ನಿಂತಿದ್ದಳು. ಹೇಳಿಕೆ ಬರೆಸಲು ಅವಳನ್ನು ಆಸ್ಪತ್ರೆಯಿಂದ ಕರೆಸಿದ್ದರು. ಅಲ್ಲಿ ಅವಳ ತಮ್ಮ ಬೆಳಗ್ಗೆಯಿಂದ ಕಣ್ಣು ಬಿಟ್ಟಿರಲಿಲ್ಲ. ಗೈಡ್ ಅವನನ್ನು ನೀರಿನಿಂದ ಎತ್ತಿ ತಂದಾಗ ಎಂಟೂವರೆ. ಈಗ ಹನ್ನೆರಡು.

ಅವಳಿಗೆ ಆ ಹೆಸರು ಬಂದದ್ದು ಕೆಲಸದಿಂದ. ಅಡುಗೆ ಅನಿಲ ತುಂಬುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಸಿಲಿಂಡರುಗಳ ತೂಕ ನೋಡಿದವಳು. ಒಂದು ಕೈಯಿಂದ ಓರೆ ಮಾಡಿದರೆ ಸಾಕು, ಒಳಗೆ ಎಷ್ಟಿದೆಯೆಂದು ಹೇಳಿಬಿಡುತ್ತಿದ್ದಳು. ತರಕಾರಿಯವನು ಕೂಡ ಅವಳ ಮುಖ ನೋಡಿದ ತಕ್ಷಣ ತಕ್ಕಡಿಗೆ ಇನ್ನೊಂದು ಬದನೆಕಾಯಿ ಹಾಕುತ್ತಿದ್ದ.

ಅಭ್ಯಾಸಬಲ. ಮುಂದೆ ಬಂದು ಸಿಲಿಂಡರನ್ನು ಓರೆ ಮಾಡಿದಳು. ಖಾಲಿಯೇ. ಅದರಲ್ಲಿ ಸುಳ್ಳಿಲ್ಲ.

"ಇದು ಬೆಳಗ್ಗೆಯಿಂದ ಎಲ್ಲಿತ್ತು?"

"ನನ್ನ ಕಣ್ಣಮುಂದೇ ಇತ್ತು ಮಗಳೇ," ಎಂದಳು ದೊಡ್ಡಮ್ಮ. ಆ ತಂಗುದಾಣದ ಒಡತಿ ಅವಳು. ಎಲ್ಲರಿಗೂ ದೊಡ್ಡಮ್ಮ. ಅತ್ತು ಅತ್ತು ಮೂಗು ಕೆಂಪಾಗಿತ್ತು. "ಒಂಬತ್ತೂವರೆಗೆ ದೋಣಿಯವನು ತಂದುಕೊಟ್ಟ. ಯಾರೂ ಮುಟ್ಟಬಾರದು ಅಂತ ಶೆಡ್ಡಿಗೆ ಬೀಗ ಹಾಕ್ದೆ. ಆಮೇಲೆ ತೆಗೆದದ್ದು ಇನ್‌ಸ್ಪೆಕ್ಟರ್ ಬಂದ ಮೇಲೇ. ನೀನು ಒಂದು ಲೋಟ ನೀರಾದರೂ ಕುಡಿದ್ಯಾ?"

ತೂಕದಕ್ಕ ಸಿಲಿಂಡರನ್ನು ಮೆಲ್ಲಗೆ ನೆಟ್ಟಗೆ ನಿಲ್ಲಿಸಿದಳು. ಈ ಮುದುಕಿಗೆ ನಿನ್ನೆ ಎಷ್ಟು ಬೈದಿದ್ದಳು.

* * *

ಬೈಯಲು ಕಾರಣವಿತ್ತು. ಅಮ್ಮನ ಕೊನೆಯ ಎಂಟು ವರ್ಷ ಅವಳನ್ನು ಎತ್ತಿ ಕೂರಿಸಿ, ಒರೆಸಿ, ಉಣಿಸಿದ್ದು ತಮ್ಮ. ತೂಕದಕ್ಕ ಹಬ್ಬಹರಿದಿನಕ್ಕೆ ಬಂದು ಹೋಗುವ ಮಗಳು. ಅಮ್ಮ ಹೋದ ಮೇಲೆ, "ನಿನಗೇನು ಬೇಕೋ ಕೇಳು," ಎಂದಿದ್ದಳು. "ಒಂದ್ಸಲ ಸಮುದ್ರದ ಒಳಗೆ ಹೇಗಿದೆ ನೋಡ್ಬೇಕು ಅಕ್ಕ," ಎಂದಿದ್ದ. ಅಷ್ಟು ಕೇಳಿದವನಿಗೆ ಅವಳು ಹನ್ನೊಂದು ಜಾಗಗಳನ್ನು ಹೋಲಿಸಿ ನೋಡಿ, ಎಲ್ಲಕ್ಕಿಂತ ಅಗ್ಗದ್ದನ್ನು ಆರಿಸಿದಳು.

ಅಗ್ಗದ ಗುಣ ಮೊದಲ ದಿನವೇ ಗೊತ್ತಾಯಿತು. 'ಕಡಲು ಕಾಣುವ ಕೋಣೆ' ಅಂದರೆ ಮಂಚದ ಮೇಲೆ ಹತ್ತಿ ನಿಂತರೆ ಬೆರಳಗಲ ನೀಲಿ. ಮುಳುಗುವ ಉಡುಪಿನ ಮೊಣಕಾಲಿಗೆ ಸೈಕಲ್ ಟ್ಯೂಬಿನ ತೇಪೆ. ಗಾಜಿನ ಮುಖವಾಡದೊಳಗೆ ನೀರು ಬರುತ್ತಿತ್ತು. ನೀರಿನಡಿಯ ಹವಳವೋ, ಸುಣ್ಣದ ಗೂಡಿನ ಹಾಗೆ ಬೆಳ್ಳಗೆ ಸತ್ತಿತ್ತು. ತಮ್ಮ ಮಾತ್ರ ಒಂದು ಮೀನು ಕಂಡರೂ ದೋಣಿಗೆ ಬಂದು ಅದರ ಹಾಗೆ ಬಾಯಿ ಮಾಡಿ ತೋರಿಸುತ್ತಿದ್ದ.

ಎಲ್ಲಕ್ಕಿಂತ ಕಾಟ ಕೊಟ್ಟದ್ದು ಜನರೇಟರ್. ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ಊರು. ಜನರೇಟರ್ ಅವಳ ಕಿಟಕಿಯ ಕೆಳಗೇ. ಎರಡು ರಾತ್ರಿ ಗಡಗಡ ಸದ್ದು, ಸುಟ್ಟೆಣ್ಣೆಯ ಹೊಗೆ, ರೆಪ್ಪೆ ಮುಚ್ಚಿರಲಿಲ್ಲ. ನಿನ್ನೆ ಬೆಳಗ್ಗೆ ಎಂಟು ದೂರುಗಳನ್ನು ಹಾಳೆಯಲ್ಲಿ ಬರೆದು ದೊಡ್ಡಮ್ಮನ ಮುಂದೆ ಹಿಡಿದಿದ್ದಳು.

"ಎಂಟನ್ನೂ ನನ್ನ ಕೈಲಿ ಆಗಲ್ಲ ಮಗಳೇ. ಒಂದಾದರೂ ಸರಿ ಮಾಡ್ತೀನಿ."

ಮಾತಿಗೆ ತಪ್ಪಲಿಲ್ಲ. ನಿನ್ನೆ ಸಂಜೆಯಿಂದ ಕಿಟಕಿಯಾಚೆ ಮೌನ. ತೂಕದಕ್ಕ ಕೊರಡಿನಂತೆ ಮಲಗಿದಳು. ಇವತ್ತು ತಮ್ಮನ ಜೊತೆ ಅವಳೂ ನೀರಿಗೆ ಇಳಿಯಬೇಕಿತ್ತು. "ಮಲಗಲಿ ಬಿಡಿ, ಪಾಪ," ಎಂದು ಅವನೊಬ್ಬನೇ ಹೋದನಂತೆ. ಅವಳು ಎದ್ದದ್ದು ಒಂಬತ್ತಕ್ಕೆ, ಅಂಗಳದಲ್ಲಿ ಜನ ಕೂಗಾಡುವ ಸದ್ದಿಗೆ.

ಈಗ ತಮ್ಮನ ಗುರುತಿನ ಚೀಟಿ ತರಲು ಕೋಣೆಗೆ ಬಂದಳು. ಪೆಟ್ಟಿಗೆ ತೆರೆದಳು. ಅಷ್ಟರಲ್ಲಿ ಕರೆಂಟು ಹೋಯಿತು.

ಕಿಟಕಿಯ ಕೆಳಗೆ ಗಡಗಡ ಶುರುವಾಯಿತು.

ತೂಕದಕ್ಕ ಬಗ್ಗಿ ನೋಡಿದಳು. ಜನರೇಟರ್ ಹಳೆಯ ಜಾಗದಲ್ಲೇ ಕೂತಿತ್ತು. ಅಂಗಳದ ಮರಳಿನಲ್ಲಿ ಅದರ ಚಕ್ರದ ಗೀರು ಹಸಿಹಸಿಯಾಗಿತ್ತು.

ಆಸ್ಪತ್ರೆಯಲ್ಲಿ ಒಬ್ಬ ಸಾವುಬದುಕಿನ ನಡುವೆ ಇರುವಾಗ, ಇದನ್ನು ವಾಪಸ್ ಎಳೆದು ತರುವ ಪುರುಸೊತ್ತು ಯಾರಿಗಿತ್ತು?

* * *

ಇನ್‌ಸ್ಪೆಕ್ಟರ್ ಅಂಗಳದಲ್ಲಿ ದೋಣಿಯವನನ್ನು ವಿಚಾರಿಸುತ್ತಿದ್ದ. ಉಪ್ಪಣ್ಣ ಅಂತ ಅವನಿಗೆ ಅಡ್ಡಹೆಸರು, ಮೈಯೆಲ್ಲ ಉಪ್ಪು ಕಟ್ಟಿರುತ್ತಿದ್ದರಿಂದ. ನಿನ್ನೆ ದೋಣಿಯಲ್ಲಿ ತಮ್ಮನಿಗೂ ಅವನಿಗೂ ಮಾತಿಗೆ ಮಾತು ಬೆಳೆದಿತ್ತು.

"ನೀರಿಗಿಳಿಯೋ ಮುಂಚೆ ಅರ್ಧ ಗಂಟೆ ಸಿಲಿಂಡರ್ ನಿನ್ನ ಹತ್ರ ಇತ್ತು. ನೀನ್ಯಾಕೆ ಗಾಳಿ ಬಿಟ್ಟಿರಬಾರದು?"

"ಅವರು ನನ್ನ ದೋಣಿನ ಸೋಪಿನ ಡಬ್ಬಿ ಅಂದ್ರು, ನಾನು ಅವರನ್ನ ಸೋಪು ಅಂದೆ. ಅಷ್ಟಕ್ಕೆ ಯಾರನ್ನಾದ್ರೂ ಕೊಲ್ತಾರಾ ಸಾರ್? ಹಾಗಾದ್ರೆ ನನ್ನ ಹೆಂಡ್ತಿ ನನ್ನ ದಿನಾ ಕೊಲ್ಬೇಕಿತ್ತು."

"ಉಪ್ಪಣ್ಣ," ಎಂದಳು ತೂಕದಕ್ಕ, "ತಮ್ಮನ್ನ ಎತ್ತುವಾಗ ಸಿಲಿಂಡರ್ ಏನಾಯ್ತು? ನೋಡಿದ ಹಾಗೇ ಹೇಳು."

"ಸಿಲಿಂಡರ್ ಕಟ್ಟೋ ಜಾಕೆಟ್ಟಿನ ಪಟ್ಟಿ ಸವೆದಿತ್ತಲ್ಲಮ್ಮ, ಸಿಲಿಂಡರ್ ಜಾರಿಬಿಡ್ತು. ಪೈಪು ಹಿಡಕೊಂಡಿತ್ತು, ಅಷ್ಟೆ. ಬಾವಿಗೆ ಬಿಟ್ಟ ಕೊಡದ ಹಾಗೆ ನೆಟ್ಟಗೆ ಕೆಳಕ್ಕೆ ಜೋತಾಡ್ತಿತ್ತು. ಜಗ್ಗಿ ಜಗ್ಗಿ ಎಳಕೊಂಡೆ."

ತೂಕದಕ್ಕ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ಸಾರ್, ಆ ಸಿಲಿಂಡರನ್ನ ಪೈಪಿನ ಸಮೇತ ಒಂದು ನಿಮಿಷ ನೀರಿಗೆ ಹಾಕ್ಬೇಕು."

"ಯಾಕಮ್ಮ, ಸ್ನಾನ ಮಾಡಿಸ್ತೀರಾ?"

"ತೂಕ ನೋಡ್ತೀನಿ."

ಹೊಸಬರಿಗೆ ಕಲಿಸಲು ಅಂಗಳದಲ್ಲಿ ಪಾಚಿಗಟ್ಟಿದ ಕೊಳವಿತ್ತು. ಇನ್‌ಸ್ಪೆಕ್ಟರ್ ತಲೆದೂಗಿದ. ಉಪ್ಪಣ್ಣ ಸಿಲಿಂಡರನ್ನು ತಂದು ನೀರಿಗೆ ಬಿಟ್ಟ. ಅದು ಒಮ್ಮೆ ಮುಳುಗಿತು. ಮರುಗಳಿಗೆ ತಳ ಮೇಲೆ ಮಾಡಿ, ತಲೆ ಅದ್ದಿದ ಬಾತುಕೋಳಿಯಂತೆ ತೇಲತೊಡಗಿತು.

"ಒಳಗಿನ ಗಾಳಿಗೂ ಭಾರ ಇದೆ ಸಾರ್. ಇಷ್ಟು ಒತ್ತಿ ತುಂಬಿದ್ರೆ ಎರಡು ಕೆಜಿ ಮೇಲೇ ತೂಗುತ್ತೆ. ಇದು ಅಲ್ಯೂಮಿನಿಯಂ, ತುಂಬಿದ್ದು ಮುಳುಗುತ್ತೆ, ಖಾಲಿಯಾದದ್ದು ತೇಲುತ್ತೆ. ಬೆಳಗ್ಗೆ ಇದು ಕೆಳಕ್ಕೆ ಜೋತಾಡ್ತಿತ್ತು ಅಂದ್ರೆ ಆಗ ಒಳಗೆ ಗಾಳಿ ಇತ್ತು. ಗೈಡ್ ಹೇಳಿದ್ದು ನಿಜ. ಖಾಲಿ ಮಾಡಿದ್ದು ದಡಕ್ಕೆ ಬಂದ ಮೇಲೆ."

"ಈಗ ನೆನಪಾಯ್ತು," ಎಂದ ಉಪ್ಪಣ್ಣ. "ಹತ್ತು ಗಂಟೆಗೆ ಶೆಡ್ಡಿಂದ ಕುಕ್ಕರ್ ಕೂಗಿದ ಹಾಗೆ ಸುಯ್ ಅಂತಿತ್ತು. ಬಾಳ ಹೊತ್ತು."

ಇನ್‌ಸ್ಪೆಕ್ಟರ್ ಹುಬ್ಬು ಗಂಟಿಕ್ಕಿದ. "ಗಾಳಿನ ಯಾಕೆ ಬಿಡ್ತಾರೆ? ಗಾಳಿ ಏನು ಸಾಕ್ಷಿ ಹೇಳುತ್ತೆ?"

ಅದೇ ಪ್ರಶ್ನೆ ತೂಕದಕ್ಕನ ತಲೆಯಲ್ಲೂ ಗಿರಗಿರ ತಿರುಗುತ್ತಿತ್ತು. "ನಿನ್ನೆ ಸಂಜೆ ಎಷ್ಟು ಸಿಲಿಂಡರ್ ತುಂಬಿದ್ರಿ ಉಪ್ಪಣ್ಣ?"

"ಎರಡೇ. ಅತಿಥಿಗಳು ನೀವಿಬ್ರೇ ಅಲ್ವಾ. ಆರು ನಿಮ್ಮ ತಮ್ಮಂದು, ಏಳು ನಿಮ್ದು. ಗೈಡಂದು ಮೊನ್ನೆ ತುಂಬಿದ್ದು."

"ನನ್ನದು ಎಲ್ಲಿ?"

"ನೀವು ಬರಲೇ ಇಲ್ವಲ್ಲ. ದೋಣಿ ಬೆಂಚಿನ ಕೆಳಗೇ ಬಿದ್ದಿದೆ."

ತುಂಬಿದ ಸಿಲಿಂಡರಿನ ಬಾಯಿಗೆ ಕಾಗದದ ಟೇಪು ಅಂಟಿಸುವುದು, ಬಳಸುವಾಗ ಕೀಳುವುದು ಅಲ್ಲಿಯ ಪದ್ಧತಿ. ಏಳನೇ ನಂಬರಿನ ಮೇಲೆ ಟೇಪು ಹಾಗೇ ಇತ್ತು. ತೂಕದಕ್ಕ ಅದನ್ನು ಕಿತ್ತು, ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಮೂಗು ಹಿಡಿದಳು.

ಸುಟ್ಟೆಣ್ಣೆ. ಎರಡು ರಾತ್ರಿ ಕಿಟಕಿಯಿಂದ ಬಂದ ಅದೇ ಹೊಗೆಯ ವಾಸನೆ.

ಅವಳು ದೋಣಿಯ ಅಂಚು ಹಿಡಿದು ಕೂತಳು. ಒಂದು ಕ್ಷಣ, ಅಷ್ಟೆ. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಆಸ್ಪತ್ರೆಯ ಕಡೆ ಓಡಿದಳು.

* * *

"ಅದೇ ನನಗೂ ಒಗಟು," ಎನ್ನುತ್ತಿದ್ದರು ವಯಸ್ಸಾದ ಡಾಕ್ಟರು. "ನೀರು ಜಾಸ್ತಿ ಕುಡಿದಿಲ್ಲ. ಬೆರಳಿನ ಮೀಟರ್ ತೊಂಬತ್ತೆಂಟು ತೋರಿಸ್ತಿದೆ, ಅದಕ್ಕೇ ಆಮ್ಲಜನಕ ತೆಗೆದೆ. ಮುಖ ಗುಲಾಬಿ ಹಾಗಿದೆ. ಎಚ್ಚರ ಯಾಕಾಗ್ತಿಲ್ಲ?"

"ಅವನು ಉಸಿರಾಡಿದ್ದು ಜನರೇಟರ್ ಹೊಗೆ, ಡಾಕ್ಟ್ರೇ."

ಡಾಕ್ಟರ ಮುಖದ ಬಣ್ಣ ಇಳಿಯಿತು. "ಕಾರ್ಬನ್ ಮೊನಾಕ್ಸೈಡ್. ಆ ವಿಷ ಇದ್ರೆ ಈ ಮೀಟರ್ ಸುಳ್ಳೇ ಹೇಳೋದು. ನಾನೂ ಅದನ್ನೇ ನಂಬಿ ಕೂತ್ನಲ್ಲ." ಮಾತು ಮುಗಿಯುವ ಮೊದಲೇ ಅವರ ಕೈ ಆಮ್ಲಜನಕದ ಮುಖವಾಡ ಕಟ್ಟುತ್ತಿತ್ತು. "ಆಚೆ ದಡದ ಬಂದರಿನ ಆಸ್ಪತ್ರೆಯಲ್ಲಿ ಒತ್ತಡದ ಕೋಣೆ ಇದೆ. ಈಗಲೇ ಕಳಿಸ್ಬೇಕು. ಇನ್ನೂ ತಡವಾದರೆ ನಾನು ಮಾತು ಕೊಡಲಾರೆ."

ವೇಗದ ದೋಣಿ ಬರಲು ಇಪ್ಪತ್ತು ನಿಮಿಷ. ತೂಕದಕ್ಕ ಹೊರಗೆ ಬಂದಾಗ ಕಾರಿಡಾರಿನ ಬೆಂಚಿನ ಮೇಲೆ ದೊಡ್ಡಮ್ಮ ಬಿಸಿನೀರಿನ ಫ್ಲಾಸ್ಕ್ ಹಿಡಿದು ಕೂತಿದ್ದಳು. ಹಿಂದೆಯೇ ಏದುಸಿರು ಬಿಡುತ್ತ ಇನ್‌ಸ್ಪೆಕ್ಟರ್ ಬಂದ.

"ಶೆಡ್ಡಿನ ಬೀಗದ ಕೈ ನಿಮ್ಮ ಸೊಂಟದಲ್ಲೇ ಇರೋದು ಅಲ್ವಾ ದೊಡ್ಡಮ್ಮ?" ಎಂದಳು ತೂಕದಕ್ಕ.

ದೊಡ್ಡಮ್ಮನ ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ಒಂಬತ್ತೂವರೆಗೆ ಬೀಗ ಹಾಕಿದ್ದು ನೀವು. ತೆಗೆದದ್ದು ಇನ್‌ಸ್ಪೆಕ್ಟರ್ ಬಂದ ಮೇಲೇ ಅಂದದ್ದೂ ನೀವು. ನಡುವೆ, ಹತ್ತಕ್ಕೆ, ಒಳಗೆ ಸಿಲಿಂಡರ್ ಕೂಗಿದೆ. ಬೀಗದೊಳಗೆ ದೆವ್ವ ಬಂದು ತಿರುಪು ತಿರುಗಿಸ್ತಾ?"

ಮುದುಕಿ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದಳು.

"ನಿನ್ನೆ ಸಂಜೆ ಜನರೇಟರ್ ಅಡುಗೆಮನೆ ಹಿಂದಕ್ಕೆ ಹೋಯ್ತು. ಸಿಲಿಂಡರಿಗೆ ಗಾಳಿ ತುಂಬೋ ಯಂತ್ರದ ಬಾಯಿ ಇರೋದೂ ಅಲ್ಲೇ. ಬರೋ ದಾರಿಯಲ್ಲಿ ನೋಡಿದೆ, ಗೋಡೆ ಮೇಲೆ ಹೊಸ ಮಸಿ, ನೆಲದಲ್ಲಿ ಚಕ್ರದ ಗುಳಿ. ಆ ಯಂತ್ರ ಗಾಳಿ ಅಂದ್ಕೊಂಡು ಹೊಗೆ ಕುಡೀತು. ಅದನ್ನೇ ಆರಕ್ಕೂ ಏಳಕ್ಕೂ ತುಂಬಿತು. ನೀರಿನಾಳದಲ್ಲಿ ಆ ವಿಷ ಇನ್ನೂ ಬೇಗ ಏರುತ್ತಂತೆ. ತಮ್ಮನ್ನ ಎತ್ತಿ ತಂದಾಗ ನಿಮಗೆ ಅರ್ಥವಾಯ್ತು. ಗಾಳಿ ಬಿಟ್ರಿ. ಜನರೇಟರ್ ವಾಪಸ್ ಎಳೆಸಿದ್ರಿ. ಏಳನೇದು ದೋಣಿಯಲ್ಲಿ ಉಳಿದದ್ದು ಮಾತ್ರ ಮರೆತ್ರಿ."

"ಪರವಾನಗಿ ಹೋಗುತ್ತೆ ಅಂತ ಹೆದರಿದೆ," ಎಂದಳು ದೊಡ್ಡಮ್ಮ, ಫ್ಲಾಸ್ಕಿಗೆ ಹೇಳುವಂತೆ. "ಈಗ ಎದ್ದಾನು, ಈಗ ಎದ್ದಾನು ಅಂತ ಕಾದೆ. ಎದ್ದುಬಿಟ್ರೆ ಯಾರಿಗೂ ಏನೂ ಹೇಳ್ಬೇಕಾಗಿಲ್ವಲ್ಲ ಅಂತ."

"ಅದಕ್ಕೆ ಗೈಡನ್ನ ಬಲಿ ಕೊಟ್ರಾ?" ಎಂದ ಇನ್‌ಸ್ಪೆಕ್ಟರ್. "ಅದಿರ್ಲಿ, ಜನರೇಟರನ್ನ ಅಲ್ಲಿಗೆ ಸರಿಸೋ ಕರ್ಮ ಏನಿತ್ತು?"

ದೊಡ್ಡಮ್ಮ ತಲೆಯೆತ್ತಿ ತೂಕದಕ್ಕನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

"ನೀನೇ ಅಲ್ವಾ ಮಗಳೇ ಕೇಳಿದ್ದು. ಎಂಟರಲ್ಲಿ ಒಂದಾದರೂ ಸರಿ ಮಾಡೋಣ ಅಂತ ಸರಿಸಿದೆ."

"ಹೌದು, ನಾನೇ ಕೇಳಿದ್ದು," ಎಂದಳು ತೂಕದಕ್ಕ. "ನನಗೆ ಗೊತ್ತಿರಲಿಲ್ಲ. ನಿಮಗೆ ಒಂಬತ್ತೂವರೆಯಿಂದ ಗೊತ್ತಿತ್ತು. ಡಾಕ್ಟ್ರ ಕಿವಿಯಲ್ಲಿ ಒಂದು ಮಾತು ಹೇಳಿದ್ರೆ ಸಾಕಿತ್ತು."

ನ್ಯಾಯವಾದ ಮಾತೇ. ಆದರೂ ಹೇಳಿ ಮುಗಿಸಿದಾಗ ಎದೆಯ ಭಾರ ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ.

ಇನ್‌ಸ್ಪೆಕ್ಟರ್ ಪುಸ್ತಕ ತೆಗೆದ. ಗೈಡನ್ನು ಬಿಡಲು ಪೇದೆಗೆ ಫೋನು ಮಾಡಿದ. ಬರೆಯುತ್ತಿದ್ದವನನ್ನು ತೂಕದಕ್ಕ ತಡೆದಳು.

"ನನ್ನ ಎಂಟು ದೂರನ್ನೂ ಅದರಲ್ಲಿ ಬರೀರಿ ಸಾರ್. ಅಗ್ಗದ ಜಾಗ ಹುಡುಕಿದ್ದೂ ನಾನೇ ಅಂತ."

ಅವನು ಅವಳನ್ನು ನೋಡಿ, ಪೆನ್ನಿಗೆ ಮುಚ್ಚಳ ಹಾಕಿದ. "ಅದನ್ನ ಬರೆಯೋಕೆ ಇದರಲ್ಲಿ ಕಾಲಂ ಇಲ್ಲ ಕಣಮ್ಮ."

* * *

ಒತ್ತಡದ ಕೋಣೆಯೆಂದರೆ ಮನುಷ್ಯ ಮಲಗುವಷ್ಟು ದೊಡ್ಡ ಕಬ್ಬಿಣದ ಸಿಲಿಂಡರ್. ಗುಂಡನೆಯ ಗಾಜಿನ ಕಿಟಕಿ, ಪಕ್ಕದಲ್ಲಿ ಮಾತಾಡಲು ಒಂದು ಮೈಕು. ತೂಕದಕ್ಕ ಮರುದಿನ ಮಧ್ಯಾಹ್ನದವರೆಗೆ ಆ ಗಾಜಿಗೆ ಹಣೆ ಒತ್ತಿ ನಿಂತಿದ್ದಳು. ಜೀವಮಾನದಲ್ಲಿ ಎಷ್ಟೋ ಲಕ್ಷ ಸಿಲಿಂಡರ್ ತೂಗಿದವಳು, ಇದರೊಳಗೆ ಎಷ್ಟು ಉಳಿದಿದೆಯೆಂದು ಹೇಳಲಾರದೆ ನಿಂತಿದ್ದಳು.

ಎರಡು ಗಂಟೆಗೆ ತಮ್ಮನ ರೆಪ್ಪೆ ಅಲುಗಿತು. ಕಣ್ಣು ಬಿಟ್ಟ. ಬಿಳಿ ಛಾವಣಿ ನೋಡಿದ, ಗಾಜು ನೋಡಿದ. ಮೀನಿನ ಹಾಗೆ ಒಮ್ಮೆ ಬಾಯಿ ತೆರೆದು ಮುಚ್ಚಿದ. ಆಮೇಲೆ ಅವನ ದನಿ, ಒಡೆದ ರೇಡಿಯೋದಂತೆ, ಗೋಡೆಯ ಪೆಟ್ಟಿಗೆಯಿಂದ ಬಂತು.

"ಅಕ್ಕ... ನಿದ್ದೆ ಚೆನ್ನಾಗಿ ಬಂತಾ?"

ತೂಕದಕ್ಕ ಮೈಕಿನ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಲಾಗಲಿಲ್ಲ.