ಕಾರಿನಲ್ಲೇ ಉಳಿದ ಪೆಟ್ಟಿಗೆ

"ಒಂದೇ ಸಾಲು ಎರಡೆರಡು ಸಲ ಯಾಕೆ ಕೇಳಿಸುತ್ತೆ?"

ಅವಳು ಯಾರನ್ನೂ ಕೇಳಿರಲಿಲ್ಲ. ಧ್ವನಿ ಉಪಕರಣಗಳ ಅಂಗಡಿಯಲ್ಲಿ ಗಾಜಿನ ಕಪಾಟಿನೆದುರು ನಿಂತಿದ್ದಾಗ, ಮನಸ್ಸಿನಲ್ಲಿ ಸುತ್ತುತ್ತಿದ್ದ ಮಾತು ಬಾಯಿಂದ ಜಾರಿ ಬಿದ್ದಿತ್ತು.

"ಅಳತೆ ತಪ್ಪಿದ್ರೆ ಹಾಗೇ ಕೇಳಿಸುತ್ತೆ, ಮೇಡಂ."

ಆ ದನಿ!

ಮೇಡಂ... 'ಅಳತೆಗೋಲು' ಎಂದು ರೇಗಿಸುತ್ತಿದ್ದ ಬಾಯಲ್ಲಿ ಈಗ ಮೇಡಂ!

ತಿರುಗಿದಳು. ಅವನೇ. ಕೈಯಲ್ಲಿ ಧೂಳೊರೆಸುವ ಬಟ್ಟೆ, ಕಣ್ಣಲ್ಲಿ ಗುರುತಿನ ಸುಳಿವೇ ಇಲ್ಲದ ಮರ್ಯಾದೆ. ಒಂದು ಕಾಲಕ್ಕೆ ಸಭಾಂಗಣಗಳಲ್ಲಿ ಅವನು ಸ್ಪೀಕರ್ ಹೊಂದಿಸುತ್ತಿದ್ದ, ಇವಳು ಮೈಕ್ ನಿಲ್ಲಿಸಿ ಅಳೆಯುತ್ತಿದ್ದಳು. ಮದುವೆಯೂ ನಿಶ್ಚಯವಾಗಿತ್ತು. ಒಂದು ದಿನ ಕೇಬಲ್ ಸುತ್ತಿಕೊಂಡು ಹೋದವನು ಮತ್ತೆ ಬರಲಿಲ್ಲ.

"ನೀನು... ಇಲ್ಲಿ?"

"ಚಿಕ್ಕಪ್ಪನ ಅಂಗಡಿ. ಸ್ಪೀಕರ್ ಮುಟ್ಟೋ ಕೆಲಸವನ್ನ ನನಗೆ ಆಮೇಲೆ ಯಾರೂ ಕೊಡ್ಲಿಲ್ಲ. ಏನು ಕೊಡ್ಲಿ, ಹೇಳಿ."

ಹೊರಟುಹೋಗಲೇ? ಬದಲಿಗೆ ಬೇಕಾದ್ದನ್ನು ಹೇಳಿದಳು.

"ಅಳತೆ ಮೈಕನ್ನ ಲ್ಯಾಪ್‌ಟಾಪಿಗೆ ಜೋಡಿಸೋ ಪೆಟ್ಟಿಗೆ, ಸೌಂಡ್ ಇಂಟರ್‌ಫೇಸ್."

ಮೂಲೆಯ ಕುರ್ಚಿಯಲ್ಲಿದ್ದ ಚಿಕ್ಕಪ್ಪನಿಗೆ ಹುರುಪು ಬಂತು. "ಆ ಮಿಣಮಿಣ ಅನ್ನೋದು ತಗೋ ಮಗಳೇ! ಅಳತೆ ಬರದಿದ್ರೂ ಮನೆಗೆ ದೀಪ ಆಗುತ್ತೆ."

"ಚಿಕ್ಕಪ್ಪ, ನೀವು ಸುಮ್ನಿದ್ರೆ ಒಂದಾದ್ರೂ ವ್ಯಾಪಾರ ಆಗುತ್ತೆ."

ಅವಳಿಗೆ ನಗು ಬಂತು. ಅವನು ನಗಲಿಲ್ಲ. ನಗು ಅಲ್ಲೇ ಇಂಗಿತು.

"ಒಂದೇ ಮೈಕು. ಒಂದು ಇನ್‌ಪುಟ್ ಇರೋದು ಸಾಕಲ್ವಾ?"

"ಎಷ್ಟು ಜೋರಿದೆ ಅಂತ ನೋಡೋಕೆ ಸಾಕು. ಎಷ್ಟು ತಡವಾಗಿ ಬಂತು ಅಂತ ನೋಡೋಕೆ ಎರಡು ಬೇಕು." ಅವನು ಬೆರಳಗಲದ ಗುಂಡಿಗಳಿದ್ದ ಪೆಟ್ಟಿಗೆಯೊಂದನ್ನು ಮುಂದಿಟ್ಟ. "ಒಂದಕ್ಕೆ ಮೈಕು. ಹೊರಗೆ ಹೋಗೋ ಸದ್ದನ್ನೇ ತುಂಡು ಕೇಬಲ್ಲಿನಲ್ಲಿ ತಿರುಗಿಸಿ ಇನ್ನೊಂದಕ್ಕೆ ಕೊಡ್ಬೇಕು. ಯಾವಾಗ ಹೊರಡ್ತು ಅಂತ ಗೊತ್ತಿಲ್ದೆ, ತಡವಾಗಿ ಬಂತು ಅಂತ ಹೇಗೆ ದೂರ್ತೀರಿ?"

ಕೊನೆಯ ಮಾತಿಗೆ ಮೊನೆಯಿತ್ತು.

"ಮೈಕನ್ನ ನೇರ ಯುಎಸ್‌ಬಿಗೆ ಚುಚ್ಚಿದ್ರೆ?"

"ಆ ಮೈಕಿನೊಳಗಿನ ಗಡಿಯಾರ ಬೇರೆ, ಸದ್ದು ಕಳಿಸೋ ಲ್ಯಾಪ್‌ಟಾಪಿನ ಗಡಿಯಾರ ಬೇರೆ. ಎರಡೂ ಅವುಗಳ ಪಾಡಿಗೆ ಓಡ್ತವೆ. ಆಗ ಬರೋ ತಡದ ಲೆಕ್ಕ ನಂಬೋ ಹಾಗಿಲ್ಲ."

ಅವಳು ಪೆಟ್ಟಿಗೆಯನ್ನು ಹತ್ತಿರಕ್ಕೆಳೆದುಕೊಂಡಳು.

ಆ ದಿನ... ಪ್ರಾರ್ಥನಾ ಸಭಾಂಗಣ! ಇಂಥದೇ ಪೆಟ್ಟಿಗೆಯನ್ನು ಅವನೇ ಅವಳಿಗೆಂದು ತಂದಿದ್ದ. 'ಇಷ್ಟೊಂದು ತಂತಿ ಯಾರು ಹೊರ್ತಾರೆ' ಎಂದು ಅದನ್ನು ಅವನ ಕಾರಿನಲ್ಲೇ ಬಿಟ್ಟು, ಯುಎಸ್‌ಬಿ ಮೈಕೊಂದನ್ನೇ ಹಿಡಿದು ಒಳಗೆ ಹೋಗಿದ್ದಳು. ಹಿಂದಿನ ಸ್ಪೀಕರುಗಳ ತಡದ ಹೊಂದಿಕೆ ತಪ್ಪಿದೆಯೆಂದು ಲ್ಯಾಪ್‌ಟಾಪಿನ ಪರದೆ ತೋರಿಸಿತು. ಅವನು ಬೇಡಿಕೊಂಡಿದ್ದ, "ಇನ್ನೊಂದು ಸಲ ಅಳೆ." ಅವಳು ಎಲ್ಲರೆದುರು ಅಂದಿದ್ದಳು, "ಯಂತ್ರಕ್ಕೇನು ನಿನ್ನ ಮೇಲೆ ಹಗೆಯಾ?"

ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು.

ಒಂದು ಮಾತಿಗೆ ಮುನಿದು ಹೋದ ಗರ್ವಿ ಎಂದು ಇಷ್ಟು ದಿನ ಅವನನ್ನೇ ಬೈದುಕೊಂಡಿದ್ದಳಲ್ಲ...

"ನಿನಗೆ ಆವತ್ತೇ ಗೊತ್ತಿತ್ತಾ?"

"ಇಲ್ಲ. ನಿನ್ನ ಅಳತೆ ತಪ್ಪುತ್ತೆ ಅಂತ ಅಂದ್ಕೊಳ್ಳೋಕೂ ಆಗಿರ್ಲಿಲ್ಲ ನನಗೆ. ನನ್ನ ಕೈಯೇ ಕೆಟ್ಟಿದೆ ಅಂದ್ಕೊಂಡೆ." ಅವನಿಗೆ ಅರಿವಿಲ್ಲದೆಯೇ ಮೇಡಂ ಕಳಚಿ ಬಿದ್ದಿತ್ತು. "ಈ ಅಂಗಡಿಗೆ ಬಂದ ಮೇಲೆ, ಗಿರಾಕಿಗೆ ವಿವರಿಸ್ತಾ ಇದ್ದಾಗ, ಅರ್ಧ ಮಾತಲ್ಲಿ ಹೊಳೀತು. ಆ ಗಿರಾಕಿ ಕಾಯ್ತಾ ನಿಂತಿದ್ದ."

"ಆಗಲಾದ್ರೂ ಬಂದು ಹೇಳ್ಬಾರದಿತ್ತಾ?"

"ಇನ್ನೊಂದು ಸಲ ಅಳೆ ಅಂತ ಎಷ್ಟು ಸಲ ಬೇಡ್ಲಿ?"

ಚಿಕ್ಕಪ್ಪ ಕೆಮ್ಮಿ, ಮೆಲ್ಲನೆ ಎದ್ದು ಹೊರಗೆ ನಡೆದರು.

"ಅಪ್ಪ ಈ ವಾರ ಬಾಯಿಬಿಟ್ರು," ಅವಳೆಂದಳು. "ಆ ಸಭಾಂಗಣದಲ್ಲಿ ಹಿಂದಿನ ಸಾಲಲ್ಲೇ ತಾನೆ ಅವರು ಕೂರೋದು? ಮೊದಲು ಒಂದೊಂದು ಪದ ಎದೆಗೆ ಬಂದು ಕೂರ್ತಿತ್ತಂತೆ. ಆ ಲೆಕ್ಕ ನಂಬಿ ನಾನು ಸರಿಮಾಡಿಸಿದ ಮೇಲೆ ಪ್ರತಿ ಸಾಲೂ ಎರಡೆರಡು ಸಲ ಬಂದು, ಒಂದಕ್ಕೊಂದು ಡಿಕ್ಕಿ ಹೊಡೆದು ಹೋಗುತ್ತಂತೆ. ಮಗಳು ನೊಂದ್ಕೋತಾಳೆ ಅಂತ ಸುಮ್ನಿದ್ರಂತೆ! ಕೇಳಿಸದಿದ್ರೂ ಕೈಮುಗಿದು ಕೂತಿರ್ತಿದ್ರಂತೆ..."

ಅವನು ಕಣ್ಣುಮುಚ್ಚಿದ. ಅವಳ ಅಪ್ಪ ಪ್ರಾರ್ಥನೆಯ ಸಾಲಿಗೆ ತಲೆದೂಗುವುದನ್ನು ನೋಡುತ್ತಲೇ ಅವನು ಹಿಂದಿನ ಸ್ಪೀಕರುಗಳನ್ನು ಹೊಂದಿಸಿದ್ದ.

ಆಮೇಲೆ ಅವನು ಕೆಳಗಿನ ಖಾನೆ ಎಳೆದು, ಬಟ್ಟೆಯಲ್ಲಿ ಸುತ್ತಿದ ಪೆಟ್ಟಿಗೆಯೊಂದನ್ನು ಹೊರತೆಗೆದ. ಒಂದು ಮೂಲೆಯಲ್ಲಿ ಗೀರು. ಗುಂಡಿಯ ಪಕ್ಕ ಅವನೇ ಪೇಂಟಿನಲ್ಲಿ ಬರೆದಿದ್ದ ಪುಟ್ಟ ಅಳತೆಗೋಲಿನ ಚಿತ್ರ.

ಅವಳದೇ!

"ಮಾರಿಲ್ವಾ ಇದನ್ನ?"

"ಕೇಳಿದೋರಿಗೆಲ್ಲ ಕೆಟ್ಟಿದೆ ಅಂತ ಸುಳ್ಳು ಹೇಳ್ದೆ."

ಅವಳು ಅತ್ತಳು. ಅವನು ಧೂಳೊರೆಸುವ ಬಟ್ಟೆಯನ್ನೇ ಮುಂದೆ ಚಾಚಿ, ನಾಚಿ ಹಿಂದಕ್ಕೆಳೆದುಕೊಂಡ.

"ನನ್ನ ಜೊತೆ ಬಾ," ಅಂದಳು. "ನಕ್ಕವರೆಲ್ಲರನ್ನೂ ಅಲ್ಲೇ ಸೇರಿಸ್ತೀನಿ. ತಪ್ಪು ನಂದು ಅಂತ ಅವರ ಮುಂದೇನೇ ಹೇಳ್ತೀನಿ. ಕೇಬಲ್ಲೂ ನಾನೇ ಹೊರ್ತೀನಿ."

"ಬರ್ತೀನಿ. ಅಪ್ಪಾಜಿಗೆ ಪದ ಕೇಳಿಸ್ಬೇಕು."

"ಅವರಿಗೋಸ್ಕರ ಮಾತ್ರಾನಾ?"

ಅವನು ತುಂಡು ಕೇಬಲ್ಲನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಈ ಪೆಟ್ಟಿಗೆ ಇಟ್ಕೊಂಡಿದ್ದು ಅವರಿಗೋಸ್ಕರ ಅಲ್ವಲ್ಲ, ಅಳತೆಗೋಲು."

ಆ ಹೆಸರು! ಅವಳು ಕೌಂಟರಿನಾಚೆ ಕೈ ಚಾಚಿದಳು. ಅವನು ಹಿಡಿದುಕೊಂಡ... ಬಿಗಿಯಾಗಿ, ನೋವಾಗುವಷ್ಟು ಬಿಗಿಯಾಗಿ.

"ಹಾಗಾದ್ರೆ ಆವತ್ತು ನಾನು ನಕ್ಕಿದ್ದನ್ನ ಮರೆತುಬಿಡು. ದಮ್ಮಯ್ಯ, ಅದೊಂದನ್ನ ಮರೆತುಬಿಡು..."

ಅವನು ಅವಳ ಕೈ ಬಿಡಲಿಲ್ಲ. ಕಣ್ಣನ್ನೂ ತಪ್ಪಿಸಲಿಲ್ಲ.

"ಇಲ್ಲ. ಅದನ್ನ ಮರೆಯಲ್ಲ."