ತೂತಿಲ್ಲದ ಬಾಟ್ಲಿ

“ಈ ಮುದುಕಿಗೆ ತೆಳು ಎಣ್ಣೆ ಕುಡಿಸಿದ್ರೆ ಘಾಟಿ ಮಧ್ಯ ಕೂತ್ಬಿಡ್ತಾಳೆ,” ಎಂದಳು ಅಮ್ಮ. ಅಂಗಡಿಯವನು ಕೊಟ್ಟ ಬಾಟ್ಲಿಯ ಹಿಂದಿನ ಚೀಟಿ ಓದತೊಡಗಿದಳು.

ಮುದುಕಿ ಎಂದರೆ ಅಮ್ಮನ ಉದ್ದನೆಯ ಡೀಸೆಲ್ ಕಾರು. ಮಗಳು ಲಾರಾಸ್‌ಗಿಂತ ಹದಿನೆಂಟು ವರ್ಷ ದೊಡ್ಡದು. ದಿನಾ ಕೋಸು, ಆಲೂಗಡ್ಡೆ ಹೊತ್ತು ಕ್ಲೆಡುಂಗ್ ಘಾಟಿ ಇಳಿಯುತ್ತದೆ. ನಾಳೆ ಮಾತ್ರ ಅದರಲ್ಲಿ ಲಾರಾಸ್‌ಳ ಕ್ಲಾಸಿನ ಒಂಬತ್ತು ಮಕ್ಕಳು, ಅವರ ಬಿದಿರಿನ ಆಂಕ್ಲುಂಗ್ ವಾದ್ಯಗಳು. ಘಾಟಿಯ ಕೆಳಗಿನ ಮಾಗೆಲಾಂಗ್ ಊರಿನಲ್ಲಿ ಸ್ಪರ್ಧೆ. ಅದಕ್ಕೆ ಮುಂಚೆ ಎಂಜಿನ್ ಎಣ್ಣೆ ಬದಲಿಸಲೇಬೇಕು.

ಅಮ್ಮ ಎಣ್ಣೆ ಆರಿಸುವುದನ್ನು ನೋಡಲು ಲಾರಾಸ್‌ಗೆ ಬಲು ಇಷ್ಟ. ಹೊಳೆಯುವ ಮುಚ್ಚಳಕ್ಕೆಲ್ಲ ಅಮ್ಮ ಮರುಳಾಗುವವಳಲ್ಲ. ಚೀಟಿಯಲ್ಲಿ ‘ಸಿ’ಯಿಂದ ಶುರುವಾಗುವ ಗುರುತಿದ್ದರೆ ಡೀಸೆಲ್ ಎಂಜಿನ್‌ಗೆ, ಬರೀ ‘ಎಸ್’ ಇದ್ದರೆ ಪೆಟ್ರೋಲ್‌ಗೆ. ಜೊತೆಗೆ ಹದಿನೈದು, ನಲವತ್ತು ಎಂಬ ಅಂಕಿ ಬೇಕು. ಸವೆದ ಎಂಜಿನ್‌ಗೆ ಅಷ್ಟು ಮಂದ ಇರಲೇಬೇಕಂತೆ. ಕಾರಿನ ಎಣ್ಣೆಯ ಒಂದು ಹನಿಯನ್ನು ಎರಡು ಬೆರಳ ನಡುವೆ ಉಜ್ಜಿ, ಅದು ಇನ್ನೆಷ್ಟು ದಿನ ಬಂದೀತು ಎಂದೂ ಅಮ್ಮ ಹೇಳಬಲ್ಲಳು.

ಎಲ್ಲ ಸರಿಯಿದೆ ಎಂದು ಅಮ್ಮ ಬಾಟ್ಲಿಯನ್ನು ಲಾರಾಸ್‌ಳ ಕೈಗಿತ್ತಳು.

ತಳದಲ್ಲಿ ಏನೋ ಗೀರು ಬೆರಳಿಗೆ ತಾಕಿತು. ಮೊಳೆಯಿಂದ ಕೆತ್ತಿದ ‘ಎಲ್’, ಅದರ ಬಾಲಕ್ಕೊಂದು ಹೂವು. ಅವಳೇ ಕೆತ್ತಿದ್ದು.

ಕಳೆದ ಸಲ ಎಣ್ಣೆ ಬದಲಿಸಿದಾಗ, ಖಾಲಿ ಬಾಟ್ಲಿಗಳಿಗೆಲ್ಲ ಮೊಳೆ ಹೊಡೆದು ತೂತು ಮಾಡಲು ಅಮ್ಮ ಹೇಳಿದ್ದಳು. ಲಾರಾಸ್ ಒಂದನ್ನು ಮೆಣಸಿನ ಸಸಿಗೆ ನೀರು ಹಾಕಲೆಂದು ಬಚ್ಚಿಟ್ಟು ತನ್ನ ಗುರುತು ಹಾಕಿದ್ದಳು. ಆಮೇಲೆ ಗುಜರಿಯವನು ಬಂದ. ತೂತಿಲ್ಲದ ಬಾಟ್ಲಿಗೆ ಐಸ್‌ಕ್ಯಾಂಡಿ ಎಂದ. ಕೊಟ್ಟುಬಿಟ್ಟಳು.

ಅದೇ ಬಾಟ್ಲಿ ಈಗ ಹೊಸ ಮುಚ್ಚಳ ಹಾಕಿಕೊಂಡು ವಾಪಸು ಬಂದಿದೆ. ಒಳಗೆ ಯಾವ ಕಲಬೆರಕೆ ಎಣ್ಣೆ ತುಂಬಿದ್ದಾರೋ. ಅಮ್ಮ ತೂತು ಮಾಡಲು ಹೇಳಿದ್ದು ಇದಕ್ಕೇ.

ಹೇಳಿದರೆ ಅಮ್ಮ ಬೈಯುತ್ತಾಳೆ. ಆದರೆ ಘಾಟಿಯ ಆ ಕಡಿದಾದ ತಿರುವು, ಹಿಂದಿನ ಸೀಟಿನ ಗೆಳತಿಯರು ಕಣ್ಣ ಮುಂದೆ ಬಂದರು.

“ಅಮ್ಮಾ, ಇದು ಬೇಡ. ಇದು ನಮ್ದೇ ಹಳೇ ಬಾಟ್ಲಿ.” ಐಸ್‌ಕ್ಯಾಂಡಿಯ ವಿಷಯವನ್ನೂ ಪಿಸುಗುಟ್ಟಿದಳು.

ಅಮ್ಮ ಬಾಟ್ಲಿಯನ್ನು ಮೇಜಿನ ಮೇಲೆ ತಲೆಕೆಳಗೆ ನಿಲ್ಲಿಸಿದಳು. “ಯಜಮಾನ್ರೇ, ಫ್ಯಾಕ್ಟ್ರಿಯವ್ರು ನನ್ನ ಮಗಳ ಹೆಸರಿನ ಅಕ್ಷರಾನೂ ಕೆತ್ತಿ ಕಳಿಸ್ತಾರಾ?”

ಅಂಗಡಿಯವನು ತಲೆ ಕೆರೆದುಕೊಂಡ.

ಅಲ್ಲಿಂದ ಅವರು ಪರಿಚಯದ ಕಾರ್ಯೊ ತಾತನ ಅಂಗಡಿಗೆ ಹೋದರು. ತಾತ ಅವರೆದುರೇ ಹೊಸ ಪೆಟ್ಟಿಗೆ ಒಡೆದು ಎಣ್ಣೆ ಕೊಟ್ಟ. ಅಮ್ಮ ಕಳೆದ ಸಲ ಬಿಚ್ಚಿಟ್ಟ ಫಿಲ್ಟರನ್ನು ಚೀಲದಿಂದ ತೆಗೆದು ಹೊಸದರ ಪಕ್ಕ ಇಟ್ಟಳು. ಎತ್ತರ, ತಿರುಪು, ರಬ್ಬರ್ ಉಂಗುರ ಎಲ್ಲ ಹೋಲಿಸಿದಳು. ಎರಡನ್ನು ಬೇಡವೆಂದು ಮೂರನೆಯದನ್ನು ಒಪ್ಪಿದಳು.

“ತುಮಿನಿ, ನೀನು ಗಂಡನ್ನೂ ಇಷ್ಟು ನೋಡಿ ಆರಿಸ್ಲಿಲ್ಲ,” ಎಂದು ತಾತ ಅಮ್ಮನನ್ನು ಛೇಡಿಸಿದ.

“ಅವ್ರು ಘಾಟಿ ಹತ್ತಬೇಕಿರ್ಲಿಲ್ಲವಲ್ಲ, ತಾತ.”

ಸಂಜೆ ಅಮ್ಮ ಕಾರಿನ ಕೆಳಗಿಂದ ಹೊರಬಂದಾಗ ಕೆನ್ನೆಯೆಲ್ಲ ಕಪ್ಪು. ಇನ್ನೂ ಬೈದಿರಲಿಲ್ಲ. ಖಾಲಿ ಬಾಟ್ಲಿಗಳ ಪಕ್ಕ ಮೊಳೆ, ಸುತ್ತಿಗೆ ಇಟ್ಟು ಕೈ ತೊಳೆಯಲು ಹೋದಳು.

ಬೀದಿಯಲ್ಲಿ ಗುಜರಿ ಗಾಡಿಯ ಗಂಟೆ ಕೇಳಿಸಿತು.

“ತೂತಿಲ್ಲದ್ದು ಇದೆಯಾ, ಪುಟ್ಟಿ?”

ಲಾರಾಸ್ ಮೊಳೆಯನ್ನು ಬಾಟ್ಲಿಯ ತಳಕ್ಕಿಟ್ಟು ಸುತ್ತಿಗೆ ಎತ್ತಿದಳು. ಠಕ್.

ಬಾಟ್ಲಿಯನ್ನು ನೆಟ್ಟಗೆ ಎತ್ತಿದಾಗ ಉಳಿದಿದ್ದ ಒಂದು ಹನಿ ಎಣ್ಣೆ ತೂತಿನಿಂದ ಅವಳ ಬೆರಳಿಗೆ ಇಳಿಯಿತು. ಅದನ್ನು ಎರಡು ಬೆರಳ ನಡುವೆ ಮೆಲ್ಲಗೆ ಉಜ್ಜಿ ನೋಡಿದಳು. ಮಂದವಾಗಿತ್ತು.